ಬೆಟ್ಟವೂ ಸಿಗಲಿ, ವಿಡಿಯೊವೂ ಸಿಗಲಿ: ಕುಮಾರ ಪರ್ವತವನ್ನು ಚಿತ್ರೀಕರಿಸಲು ಹೊರಟವರಿಗೆ

ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಶೇಷ ಪರ್ವತದ ನೆತ್ತಿಯಲ್ಲಿ ಅವತ್ತು ಮಂಜು ಸರಿದದ್ದು ಒಂದೇ ಸಲ, ಹೆಚ್ಚೆಂದರೆ ಒಂದು ನಿಮಿಷ. ಆ ನಿಮಿಷದಲ್ಲಿ ನಾನು ಬಂಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಆಕ್ಷನ್ ಕ್ಯಾಮೆರಾದ ಬ್ಯಾಟರಿ ಬದಲಿಸುತ್ತಿದ್ದೆ. ‘ಲೋ, ಬೇಗ ಬಾರೋ, ನೋಡಿಲ್ಲಿ!’ ಎಂದು ಗೆಳೆಯ ಕೂಗಿದ. ‘ಒಂದ್ನಿಮಿಷ ತಡಿಯೋ’ ಅಂದೆ. ಬ್ಯಾಟರಿ ಮುಚ್ಚಳ ಕೂತು, ಕೆಂಪು ದೀಪ ಹತ್ತಿ, ನಾನು ಎದ್ದು ನಿಲ್ಲುವಷ್ಟರಲ್ಲಿ ಎದುರಿಗೆ ಮತ್ತೆ ಬರೀ ಬಿಳುಪು. ಜೊತೆಗಿದ್ದ ಮೂವರೂ ಏನನ್ನೋ ಕಂಡವರ ಮುಖ ಹೊತ್ತು ನಿಂತಿದ್ದರು. ಏನು ಕಂಡಿತು ಎಂದು ಕೇಳಿದರೆ, ‘ಅದನ್ನ ಹೇಗೆ ಹೇಳೋದು ಮಾರಾಯ’ ಅಂದರು.

ಮನೆಗೆ ಬಂದು ನೋಡಿದರೆ 128 ಜಿಬಿ ಕಾರ್ಡು ಹೆಚ್ಚುಕಡಿಮೆ ತುಂಬಿತ್ತು. ಎರಡೂವರೆ ಗಂಟೆಯ ವಿಡಿಯೊ, ಅದರಲ್ಲಿ ಮುಕ್ಕಾಲು ಪಾಲು ಮುಂದೆ ನಡೆಯುವವನ ಬ್ಯಾಗು ಅಲುಗಾಡುವ ದೃಶ್ಯ. ಎಡಿಟ್ ಮಾಡಲು ಕೂತೆ, ಎದ್ದೆ, ಮತ್ತೆ ಕೂರಲೇ ಇಲ್ಲ. ಬೆಟ್ಟವನ್ನೂ ಸರಿಯಾಗಿ ನೋಡಲಿಲ್ಲ, ವಿಡಿಯೊವೂ ಆಗಲಿಲ್ಲ.

ಎರಡನೇ ಸಲ ಅದೇ ಬೆಟ್ಟಕ್ಕೆ ಹೋದಾಗ ಕ್ಯಾಮೆರಾ ಆನ್ ಇದ್ದದ್ದು ಒಟ್ಟು ಹದಿನಾಲ್ಕು ನಿಮಿಷ. ಮೂರು ನಿಮಿಷದ ವಿಡಿಯೊ ತಯಾರಾಯಿತು, ಮನೆಯವರು ಕೂತು ನೋಡಿದರು. ಈ ನಡುವೆ ನನ್ನ ಕ್ಯಾಮೆರಾ ಬದಲಾಗಿರಲಿಲ್ಲ, ಕೈಚಳಕವೂ ಹೆಚ್ಚಿರಲಿಲ್ಲ. ಏನು ತೆಗೆಯಬೇಕು, ಅದಕ್ಕಿಂತ ಮುಖ್ಯವಾಗಿ ಏನು ತೆಗೆಯಬಾರದು ಎಂಬುದನ್ನು ಮನೆಯಲ್ಲೇ ಕೂತು ತೀರ್ಮಾನ ಮಾಡಿದ್ದೆ, ಅಷ್ಟೇ. ಆ ತೀರ್ಮಾನಗಳನ್ನು ಒಂದೊಂದಾಗಿ ಹೇಳುತ್ತೇನೆ. ಉದಾಹರಣೆ ಕುಕ್ಕೆ ಕಡೆಯ ದಾರಿಯದ್ದು. ನೀವು ಕೊಡಚಾದ್ರಿಗೆ ಹೊರಟರೂ ಹಿಮಾಲಯಕ್ಕೆ ಹೊರಟರೂ ಲೆಕ್ಕ ಇದೇ.

1. ವಿಡಿಯೊ ಯಾರಿಗೆ? ಒಂದು ಸಾಲಿನಲ್ಲಿ ಬರೆಯಿರಿ

‘ಟ್ರೆಕ್ಕಿಂಗ್ ವಿಡಿಯೊ ಮಾಡ್ತೀನಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ನನ್ನ ಎರಡನೇ ಸಲದ ಸಾಲು ಹೀಗಿತ್ತು: ‘ಆಶ್ಲೇಷ ಬಲಿ ಪೂಜೆಗೆಂದು ಹತ್ತಾರು ಸಲ ಕುಕ್ಕೆಗೆ ಬಂದ ಅಮ್ಮನಿಗೆ, ದೇವಸ್ಥಾನದ ಬೆನ್ನಿಗಿರುವ ಬೆಟ್ಟದ ಮೇಲೆ ಏನಿದೆ ಅಂತ ತೋರಿಸಬೇಕು.’

ಈ ಒಂದು ಸಾಲು ಅರ್ಧ ಕೆಲಸ ಮುಗಿಸಿಬಿಟ್ಟಿತು. ಅಮ್ಮನಿಗೆ ಪರಿಚಯವಿರುವುದು ಕುಮಾರಧಾರೆಯ ಸ್ನಾನಘಟ್ಟ, ಆದ್ದರಿಂದ ವಿಡಿಯೊ ಅಲ್ಲಿಂದಲೇ ಶುರು. ಆ ಹೊಳೆ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ, ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹಾಗಾಗಿ ನೀರು ಕಂಡಲ್ಲೆಲ್ಲ ಒಂದು ಶಾಟ್. ನನ್ನ ಹೊಸ ಶೂ, ಟೆಂಟಿನ ಬ್ರ್ಯಾಂಡು, ‘ಹಾಯ್ ಗೈಸ್’ ಇವು ಯಾವುದೂ ಅಮ್ಮನಿಗೆ ಬೇಡ. ಪಟ್ಟಿಯಿಂದ ಹೊರಗೆ.

ಜಾಲತಾಣಕ್ಕೆ ಹಾಕಬಾರದು ಎಂದಲ್ಲ. ಆದರೆ 2018ರಲ್ಲಿ ಪ್ರಕಟವಾದ ಬಾರಾಶ್, ಜೌಬರ್‌ಮನ್, ಡೀಲ್ ಎಂಬ ಸಂಶೋಧಕರ ಅಧ್ಯಯನ ಒಂದಿದೆ: ಹಂಚಿಕೊಳ್ಳಲೆಂದೇ ಫೋಟೊ ತೆಗೆಯುವವರಿಗೆ, ತಮ್ಮ ನೆನಪಿಗೆಂದು ತೆಗೆಯುವವರಷ್ಟು ಖುಷಿ ಸಿಗುವುದಿಲ್ಲ. ನೋಡುವವರು ಏನಂದುಕೊಳ್ಳುತ್ತಾರೋ ಎಂಬ ಚಿಂತೆ ಅಲ್ಲಿಯೇ ತಲೆಗೆ ಹೊಕ್ಕಿರುತ್ತದೆ. ಬೆಟ್ಟದಲ್ಲಿ ಅಮ್ಮನಿಗೆಂದು ತೆಗೆಯಿರಿ, ಹಂಚುವ ಯೋಚನೆಯನ್ನು ಊರಿಗೆ ಬಂದ ಮೇಲೆ ಮಾಡಿ.

2. ಮೂರು ನಿಮಿಷದ ಗಣಿತ

ಕಾಗದ, ಪೆನ್ನು ತಗೊಳ್ಳಿ. ಮೂರು ನಿಮಿಷ ಎಂದರೆ 180 ಸೆಕೆಂಡು. ಒಂದು ಶಾಟ್ ಸರಾಸರಿ ಐದು ಸೆಕೆಂಡು ನಿಂತರೆ ಬೇಕಾಗುವುದು 36 ಶಾಟ್. ಅರ್ಧ ಕೆಡುತ್ತವೆ ಅಂದುಕೊಂಡರೂ 72. ಒಂದೊಂದಕ್ಕೆ ಹತ್ತು ಸೆಕೆಂಡು ರೆಕಾರ್ಡ್ ಮಾಡಿದರೆ ಒಟ್ಟು ಹನ್ನೆರಡು ನಿಮಿಷ. ಫೋನ್ ಹೊರತೆಗೆದು ನಿಂತು ತೆಗೆದು ಒಳಗಿಡಲು ಪ್ರತಿ ಶಾಟ್‌ಗೂ ಇನ್ನೊಂದು ನಿಮಿಷ ಹಿಡಿಯಿರಿ. ಎಲ್ಲ ಸೇರಿ ಒಂದೂವರೆ ಗಂಟೆಯೂ ಆಗುವುದಿಲ್ಲ. ಕುಕ್ಕೆಯಿಂದ ತುದಿಗೆ ಹೋಗಿ ಬರುವುದು ಇಡೀ ದಿನ ತಿನ್ನುವ ದಾರಿ. ಮಿಕ್ಕ ಹೊತ್ತೆಲ್ಲ ನಿಮ್ಮದು.

ಜಾಗದ ಲೆಕ್ಕವೂ ಇದರಿಂದಲೇ ಇಳಿಯುತ್ತದೆ. ಐಫೋನಿನಲ್ಲಿ 4ಕೆ, ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ನಿಮಿಷಕ್ಕೆ ಸುಮಾರು 170 ಎಂಬಿ, ಹನ್ನೆರಡು ನಿಮಿಷಕ್ಕೆ ಎರಡು ಜಿಬಿ. 60 ಫ್ರೇಮ್‌ಗೆ ಹಾಕಿದರೆ ನಿಮಿಷಕ್ಕೆ 400 ಎಂಬಿ ಆಗುತ್ತದೆ, ಅದು ನಿಧಾನಗತಿಯ ಒಂದೆರಡು ಶಾಟ್‌ಗೆ ಸಾಕು. ಟಿವಿಯಲ್ಲಿ ಮನೆಮಂದಿ ನೋಡಲು 4ಕೆಗಿಂತ ಕಡಿಮೆ ಸ್ಪಷ್ಟತೆಯ 1080 ಇಟ್ಟರೂ ಯಾರೂ ಕೊರತೆ ಹೇಳುವುದಿಲ್ಲ.

‘ಹತ್ತು ಸೆಕೆಂಡು’ ಎಂದೆನಲ್ಲ, ಅದನ್ನು ಬಾಯಲ್ಲೇ ಎಣಿಸಬೇಕು. ನಮಗೆಲ್ಲ ಎರಡು ಕಾಯಿಲೆ. ಒಂದು, ಮೂರು ಸೆಕೆಂಡಿಗೆ ನಿಲ್ಲಿಸಿಬಿಡುವುದು. ಇನ್ನೊಂದು, ನಿಲ್ಲಿಸದೆ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೀರು ಚಿಮುಕಿಸಿದ ಹಾಗೆ ಆಡಿಸುವುದು. ಕೈಯನ್ನು ಎದೆಗೆ ಒತ್ತಿ ಹಿಡಿದು, ಉಸಿರು ಅರ್ಧ ಬಿಟ್ಟು, ಒಂದರಿಂದ ಹತ್ತು.

3. ದಾರಿಯ ಮೇಲೆ ನಿಲ್ದಾಣ ಗುರುತಿಸಿ

ಬಸ್ಸಿಗೆ ನಿಲ್ದಾಣ ಇರುವ ಹಾಗೆ ಕ್ಯಾಮೆರಾಕ್ಕೂ ಇರಲಿ. ಅಲ್ಲಿ ಮಾತ್ರ ಹೊರಗೆ ಬರಬೇಕು. ಕುಕ್ಕೆ ದಾರಿಯಲ್ಲಿ ನಾನು ಇಟ್ಟುಕೊಂಡದ್ದು ಏಳು.

ಮೊದಲನೆಯದು ಸ್ನಾನಘಟ್ಟ, ಬೆಳಗಿನ ಕತ್ತಲು ಹರಿಯುವ ಹೊತ್ತು. (ದೇವಸ್ಥಾನದ ಒಳಗೆ ಕ್ಯಾಮೆರಾ ತೆಗೆಯುವ ಯೋಚನೆಯೇ ಬೇಡ.) ಎರಡನೆಯದು ಕಾಡು. ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಯವರೆಗೆ ದಟ್ಟ ಮರಗಳ ನಡುವಿನ ಏರು, ಬೇರುಗಳೇ ಮೆಟ್ಟಿಲು. ಇಲ್ಲಿ ಹೊಸಬರು ಮಾಡುವ ತಪ್ಪು, ಕಾಡಿನಲ್ಲೇ ಅರ್ಧ ಬ್ಯಾಟರಿ ಸುರಿಯುವುದು. ಉತ್ಸಾಹ ಜಾಸ್ತಿ, ಬೆಳಕು ಕಮ್ಮಿ, ಬಂದದ್ದೆಲ್ಲ ಕಪ್ಪು ಹಸಿರು ಮಸುಕು. ಐದು ಶಾಟ್ ಸಾಕು: ಬೇರಿನ ಮೇಲೆ ಬಿದ್ದ ಕಾಲು, ಎಲೆಗಳ ಸಂದಿನ ಬಿಸಿಲುಕೋಲು, ಅಂಥವು. ಮೂರನೆಯದು ಭೀಮನ ಬಂಡೆ. ಆ ಬಂಡೆಯ ಗಾತ್ರ ತಿಳಿಯಲು ಪಕ್ಕದಲ್ಲಿ ಮನುಷ್ಯ ಬೇಕು, ಗೆಳೆಯನನ್ನು ನಿಲ್ಲಿಸಿ.

ನಾಲ್ಕನೆಯದು ಭಟ್ಟರ ಮನೆ. ವಿಡಿಯೊದ ಹೊಟ್ಟೆ ಇದು. ಬೆವರಿಳಿಸಿಕೊಂಡು ಬಂದವರು ಜಗಲಿಯಲ್ಲಿ ಕಾಲು ಚಾಚುವುದು, ಬಿಸಿ ಅನ್ನದ ಮೇಲೆ ಸಾರು ಬೀಳುವುದು, ಮಜ್ಜಿಗೆ. ಇಲ್ಲಿ ನನ್ನ ಕ್ರಮ ಇಷ್ಟು: ಮೊದಲು ಉಣ್ಣುವುದು, ಆಮೇಲೆ ಮನೆಯವರನ್ನು ‘ಅಣ್ಣಾ, ಸ್ವಲ್ಪ ವಿಡಿಯೊ ತೆಗೀಲಾ?’ ಎಂದು ಕೇಳುವುದು, ಒಪ್ಪಿದರೆ ತೆಗೆಯುವುದು. ಅಡುಗೆಮನೆ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಬಡಿಸುವವರಿಗೆ ಅಡ್ಡ. ಅದು ಮನೆ, ಸೆಟ್ ಅಲ್ಲ.

ಐದನೆಯದು ಕಲ್ಲು ಮಂಟಪ ಮತ್ತು ಅದಕ್ಕೂ ಮುಂಚಿನ ಹುಲ್ಲು. ಕಾಡು ತಟ್ಟನೆ ಮುಗಿದು ಬೋಳು ಬೆನ್ನು ಸಿಗುತ್ತದೆ, ತಲೆ ಮೇಲೆ ನೆರಳಿಲ್ಲ. ಅಕ್ಟೋಬರಿನಲ್ಲಿ ಹೋದರೆ ಹಸಿರು, ಜನವರಿಗೆ ಹೊಂಬಣ್ಣ. ಯಾವ ಬಣ್ಣ ಬೇಕು ಎಂಬುದೂ ಮನೆಯಲ್ಲೇ ಆಗುವ ತೀರ್ಮಾನ. ಆರನೆಯದು ಶೇಷ ಪರ್ವತ, ಹೆಡೆ ಎತ್ತಿದ ಹಾವಿನ ಹಾಗೆ ಕಾಣುವ ಬಂಡೆ. ಏಳನೆಯದು ತುದಿ: 1,712 ಮೀಟರ್, ಯಾತ್ರಿಕರು ಪೇರಿಸಿಟ್ಟ ಕಲ್ಲುಗಳು, ಲಿಂಗ.

ಶೇಷ ಪರ್ವತ ಇಳಿದು, ಹುಲ್ಲುಗುಡ್ಡಗಳ ನಡುವಿನ ಪುಟ್ಟ ಶೋಲಾ ಕಾಡು ಹೊಕ್ಕು, ಕೊನೆಯ ಬಂಡೆಯನ್ನು ಹತ್ತುವ ಭಾಗದಲ್ಲಿ ನಿಲ್ದಾಣವೇ ಇಲ್ಲ ಎಂಬುದನ್ನು ಗಮನಿಸಿ. ಆ ಬಂಡೆ ತೇವವಾಗಿದ್ದರೆ ಎರಡೂ ಕೈ ಬೇಕು.

ಈ ಏಳನ್ನು ಒಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಎರಡೆರಡು ಪದದ ಟಿಪ್ಪಣಿ ಹಾಕಿ ಫೋನಿನ ಕವರ್ ಹಿಂದೆ ಸಿಕ್ಕಿಸಿದೆ. ಬೆಟ್ಟದಲ್ಲಿ ದಣಿದ ತಲೆ ಯೋಚನೆ ಮಾಡುವುದಿಲ್ಲ, ಓದಬಲ್ಲದು ಅಷ್ಟೇ. ಕುಕ್ಕೆಯಿಂದ ಏರಬೇಕಾದ್ದು 1,500 ಮೀಟರಿಗೂ ಹೆಚ್ಚು ಎಂಬುದು ನೆನಪಿರಲಿ.

4. ಅನುಮತಿ ಮೊದಲು, ಪಟ್ಟಿ ಆಮೇಲೆ

ಈ ಬೆಟ್ಟ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ. 2024ರ ಜನವರಿಯಲ್ಲಿ ರಜೆಗೆ ಜನ ಮುಗಿಬಿದ್ದು, ದಾರಿಯುದ್ದಕ್ಕೂ ಸಾಲುಗಟ್ಟಿ ನಿಂತ ದೃಶ್ಯ ಎಲ್ಲೆಡೆ ಹರಿದಾಡಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡೆಗೆ ತಿರುಗಿತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣದಲ್ಲಿ ದಿನಾಂಕ ನೋಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರಿಕೆಗೆ ದಾರಿ ಮುಚ್ಚುತ್ತಾರೆ. ರಾತ್ರಿ ಮೇಲೆ ಉಳಿಯಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ಬುಕಿಂಗ್ ಹೊತ್ತಿಗೇ ಖಚಿತ ಮಾಡಿಕೊಳ್ಳಿ. ಬಿಡುವುದಿಲ್ಲ ಎಂದರೆ ತುದಿಯ ಸೂರ್ಯೋದಯ ನಿಮ್ಮ ಚೀಟಿಯಲ್ಲಿ ಇರಲೇಬಾರದು.

ಡ್ರೋನ್ ವಿಷಯ ಎಲ್ಲರೂ ಕೇಳುತ್ತಾರೆ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನ ಪುಟ್ಟ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ ಎಂದಿದೆ, ನಿಜ. ಅದನ್ನು ಹಿಡಿದುಕೊಂಡು ಅಭಯಾರಣ್ಯದಲ್ಲಿ ಹಾರಿಸಿದರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬೇಡವೇ ಬೇಡ. ಅನುಮತಿಯ ಮಾತು ಬಿಟ್ಟರೂ, ಬೆಟ್ಟದ ನೆತ್ತಿಯ ಮೌನಕ್ಕೆ ನಡೆದು ಬಂದ ಹತ್ತಾರು ಜನರ ಕಿವಿಗೆ ಆ ಜೇನುನೊಣದ ಸದ್ದು ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

5. ಸಾಮಾನು: ಒಂದೇ ಕ್ಯಾಮೆರಾ

ಫೋನ್ ಸಾಕು. ಆಕ್ಷನ್ ಕ್ಯಾಮೆರಾ ಇದ್ದರೆ ಅದು ಸಾಕು. ಎರಡೂ ಒಯ್ದರೆ ಪ್ರತಿ ನಿಲ್ದಾಣದಲ್ಲೂ ‘ಯಾವುದರಲ್ಲಿ ತೆಗೀಲಿ’ ಎಂಬ ಪಂಚಾಯಿತಿ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಬೇಡ, ಅದರ ತೂಕಕ್ಕೆ ಇನ್ನೊಂದು ಬಾಟಲಿ ನೀರು ಒಯ್ಯಿರಿ. ಕಲ್ಲು ಮಂಟಪದಾಚೆ ನೀರಿನದ್ದೇ ಚಿಂತೆ.

ಕ್ಯಾಮೆರಾ ಇರಬೇಕಾದ ಜಾಗ ಬ್ಯಾಗಿನ ಒಳಗಲ್ಲ, ಬ್ಯಾಗಿನ ಎದೆಪಟ್ಟಿಗೆ ಕಟ್ಟಿದ ಪುಟ್ಟ ಚೀಲದಲ್ಲಿ. ಹತ್ತು ಸೆಕೆಂಡಿನಲ್ಲಿ ಕೈಗೆ ಬರಬೇಕು, ಹತ್ತೇ ಸೆಕೆಂಡಿನಲ್ಲಿ ಕಣ್ಮರೆಯಾಗಬೇಕು. ಎರಡನೆಯದೇ ಮುಖ್ಯ. ಕೈಯಲ್ಲೇ ಉಳಿದ ಫೋನ್ ಬೆಟ್ಟವನ್ನು ನುಂಗುತ್ತದೆ.

ಬ್ಯಾಟರಿಗೆ ಒಂದು ಮಾತು. ಸಿಗ್ನಲ್ ಇಲ್ಲದ ಕಾಡಿನಲ್ಲಿ ಫೋನ್ ಟವರ್ ಹುಡುಕಿ ಹುಡುಕಿಯೇ ಬಸವಳಿಯುತ್ತದೆ. ನಡಿಗೆ ಶುರುವಾಗುವಾಗಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ತುರ್ತಿಗೆ ಗುಂಪಿನಲ್ಲಿ ಇನ್ನೊಬ್ಬರ ಫೋನ್ ಸಿದ್ಧವಿರಲಿ. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ ಫೋನಿಗೆ ನಿಜವಾಗಿ ತಲುಪುವುದು ಆರು ಸಾವಿರದ ಆಸುಪಾಸು. ಒಂದು ಪೂರ್ಣ ಚಾರ್ಜ್, ಮೇಲೆ ಸ್ವಲ್ಪ. ನಮ್ಮ ಲೆಕ್ಕಕ್ಕೆ ಧಾರಾಳ. ಮತ್ತೆ ಮಸೂರ ಒರೆಸಲು ಒಗೆದ ಹತ್ತಿ ಬಟ್ಟೆಯ ತುಂಡು, ಜಿಪ್ ಇರುವ ಪ್ಲಾಸ್ಟಿಕ್ ಕವರ್. ಎಸಿ ಬಸ್ಸಿನಿಂದ ಇಳಿದ ತಕ್ಷಣ ಕರಾವಳಿಯ ಸೆಕೆಗೆ ಮಸೂರದ ಮೇಲೆ ಹಬೆ ಕೂರುತ್ತದೆ. ಇಳಿಯುವ ಮುಂಚೆಯೇ ಫೋನನ್ನು ಕವರಿನಲ್ಲಿ ಮುಚ್ಚಿಟ್ಟು, ಹೊರಗೆ ಬಂದು ಕಾಲು ಗಂಟೆ ಬಿಟ್ಟು ತೆಗೆಯಿರಿ.

6. ಕಣ್ಣು ಮೊದಲು

ನಿಲ್ದಾಣ ಬಂತು. ಬ್ಯಾಗ್ ಇಳಿಸಿ. ನೀರು ಕುಡಿಯಿರಿ. ಸುಮ್ಮನೆ ನೋಡಿ, ಎರಡು ಮೂರು ನಿಮಿಷ. ಗಾಳಿ ಯಾವ ಕಡೆಯಿಂದ, ಹುಲ್ಲು ಹೇಗೆ ಬಾಗುತ್ತಿದೆ, ಗೆಳೆಯರಲ್ಲಿ ಯಾರು ಏನು ಮಾಡುತ್ತಿದ್ದಾರೆ. ಆಮೇಲೆ ಕ್ಯಾಮೆರಾ. ಒಂದು ದೂರದ ನೋಟ, ಒಂದು ಮನುಷ್ಯ ಇರುವ ನಡುನೋಟ, ಎರಡು ಮೂರು ತೀರಾ ಹತ್ತಿರದ್ದು. ಮತ್ತೆ ಒಳಗಿಡಿ.

ಹತ್ತಿರದ್ದನ್ನು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಜನರನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಇಡಿಯಾಗಿ ಫೋಟೊ ತೆಗೆದ ವಸ್ತುಗಳ ನೆನಪು, ಬರೀ ಕಣ್ಣಲ್ಲಿ ನೋಡಿದ ವಸ್ತುಗಳ ನೆನಪಿಗಿಂತ ಕಡಿಮೆ ಉಳಿದಿತ್ತು. ಆದರೆ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದ ವಸ್ತುಗಳಲ್ಲಿ ಆ ನಷ್ಟ ಕಾಣಲಿಲ್ಲ. ಯಾವುದನ್ನು ತೆಗೆಯಲಿ ಎಂದು ಆರಿಸಲು ಕಣ್ಣು ಕೆಲಸ ಮಾಡಲೇಬೇಕಲ್ಲ. ಬೆಟ್ಟದಲ್ಲೂ ಹಾಗೆಯೇ: ಇಡೀ ಕಣಿವೆಯನ್ನು ಬಾಚಿಕೊಳ್ಳುವ ಶಾಟ್ ಒಂದು ಸಾಕು. ಕಾಲುಚೀಲದ ಮೇಲೆ ತಲೆಯೆತ್ತಿ ವಾಸನೆ ಹಿಡಿಯುವ ಇಂಬಳ, ಬೆವರಿಗೆ ಅಂಟಿದ ಹುಲ್ಲಿನ ಬೀಜ, ತುದಿಯಲ್ಲಿ ಕಲ್ಲಿನ ಮೇಲೆ ಕಲ್ಲಿಡುವ ಬೆರಳು, ಇವನ್ನು ಹುಡುಕುವಾಗ ನೀವು ಅಲ್ಲೇ ಇರುತ್ತೀರಿ.

ಕೆಲವನ್ನು ಮಾಡಲೇಬೇಡಿ. ನಡೆಯುತ್ತಾ ತೆಗೆಯಬೇಡಿ, ಇಳಿಜಾರಿನಲ್ಲಂತೂ ಖಂಡಿತ ಬೇಡ. ಅಂಚಿಗೆ ಬೆನ್ನು ಹಾಕಿ ಸೆಲ್ಫಿ ಬೇಡ. ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು, ಮುಂದೆ ನಡೆದುಹೋಗಿ, ಮತ್ತೆ ವಾಪಸ್ ಬಂದು ಎತ್ತಿಕೊಳ್ಳುವ ಶಾಟ್ ಇಡೀ ಪ್ರವಾಸಕ್ಕೆ ಒಂದೇ. ಪ್ರತಿ ಸಲವೂ ಆ ದಾರಿಯನ್ನು ಮೂರು ಸಲ ನಡೆದಂತಾಗುತ್ತದೆ, ಗೆಳೆಯರೂ ಕಾಯಬೇಕು. ಮೊದಲ ಸಲ ನನ್ನಿಂದಾಗಿ ಮೂವರು ಬಿಸಿಲಲ್ಲಿ ನಿಂತು ನಿಂತು ಸಾಕಾಗಿ, ಕೊನೆಗೆ ಹೇಳದೆ ಮುಂದೆ ಹೋಗಿಬಿಟ್ಟಿದ್ದರು. ಕೋಪ ಅವರದ್ದೇ ಸರಿ. ಈಗ ಹೊರಡುವ ಹಿಂದಿನ ರಾತ್ರಿಯೇ ‘ಏಳು ಕಡೆ ನಿಲ್ಲಿಸ್ತೀನಿ, ಒಂದೊಂದು ಕಡೆ ಹತ್ತು ನಿಮಿಷ, ಉಳಿದ ಹೊತ್ತು ಕ್ಯಾಮೆರಾ ಕಂಡರೆ ಕಿತ್ತುಕೊಳ್ಳಿ’ ಎಂದು ಹೇಳಿಬಿಡುತ್ತೇನೆ.

ಚೀಟಿಯಲ್ಲಿಲ್ಲದ ಏನಾದರೂ ನಡೆದರೆ? ಮಲಬಾರ್ ದೈತ್ಯ ಅಳಿಲು ತಲೆಯ ಮೇಲಿನ ಕೊಂಬೆಯಿಂದ ಕೊಂಬೆಗೆ ಹಾರಿದರೆ? ನೋಡಿ. ನೀವು ಫೋನ್ ತೆಗೆಯುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ. ಇಂಥದ್ದಕ್ಕೆಂದೇ ನನ್ನ ಚೀಟಿಯಲ್ಲಿ ಒಂದು ಸಾಲಿದೆ: ‘ಓಡುವುದು, ಹಾರುವುದು, ಸರಿಯುವ ಮಂಜು: ತೆಗೆಯುವ ಹಾಗಿಲ್ಲ.’

7. ಕಿವಿಗೂ ಒಂದು ಪಾಲು

ನನ್ನ ಮೊದಲ ಪ್ರವಾಸದ ಎರಡೂವರೆ ಗಂಟೆಯಲ್ಲಿ ಇವತ್ತಿಗೂ ಕೇಳುವ ತುಣುಕು ಒಂದೇ. ಚಿತ್ರದಲ್ಲಿ ಏನೂ ಇಲ್ಲ, ಕ್ಯಾಮೆರಾ ಆಫ್ ಮಾಡುವುದು ಮರೆತು ಚೀಲಕ್ಕೆ ಹಾಕಿದ್ದೆ. ಕತ್ತಲೆಯಲ್ಲಿ ಶೂಗಳು ತರಗೆಲೆ ತುಳಿಯುವ ಸದ್ದು, ಏದುಸಿರು, ಆಮೇಲೆ ಗೆಳೆಯನ ದನಿ: ‘ಇನ್ನೆಷ್ಟು ದೂರ ಮಾರಾಯ? ಅರ್ಧ ಗಂಟೆ ಮುಂಚೆನೂ ಅರ್ಧ ಗಂಟೆ ಅಂದಿದ್ದೆ.’ ಅದನ್ನು ಕೇಳಿದರೆ ಈಗಲೂ ತೊಡೆ ನೋಯುತ್ತದೆ.

ಫೋಟೊ ತೆಗೆಯುವುದರಲ್ಲಿ ತೊಡಗಿದವರಿಗೆ ಕಂಡದ್ದು ಚೆನ್ನಾಗಿ ನೆನಪುಳಿಯುತ್ತದೆ, ಕೇಳಿದ್ದು ಮರೆಯುತ್ತದೆ ಎಂದು 2017ರ ಇನ್ನೊಂದು ಅಧ್ಯಯನ ಹೇಳುತ್ತದೆ. ಮೇಲೆ ಹೇಳಿದ ಬಾರಾಶ್ ಮತ್ತು ಸಂಗಡಿಗರದ್ದೇ. ಹಾಗಾದರೆ ಕಳೆದುಹೋಗುವ ಸದ್ದನ್ನು ಬೇರೆಯಾಗಿಯೇ ಹಿಡಿಯಬೇಕು. ಪ್ರತಿ ನಿಲ್ದಾಣದಲ್ಲೂ ಫೋನಿನ ವಾಯ್ಸ್ ರೆಕಾರ್ಡರ್ ಒತ್ತಿ, ಕಲ್ಲಿನ ಮೇಲೆ ಮಗುಚಿಟ್ಟು, ಒಂದು ನಿಮಿಷ ಬಿಟ್ಟುಬಿಡಿ. ಪರದೆ ಕಾಣುವುದಿಲ್ಲ, ಕೈ ಖಾಲಿ, ನೀವೂ ಕೂತು ಕೇಳುತ್ತೀರಿ. ಸ್ನಾನಘಟ್ಟದ ನೀರು, ಕಾಡಿನ ಜೀರುಂಡೆ, ಭಟ್ಟರ ಮನೆಯಲ್ಲಿ ಸೌಟು ಪಾತ್ರೆಯ ಅಂಚಿಗೆ ಬಡಿಯುವುದು, ಹುಲ್ಲಿನ ಮೇಲಿನ ಗಾಳಿ. ಗಾಳಿ ಜೋರಿದ್ದರೆ ಫೋನನ್ನು ಟೋಪಿಯ ಒಳಗಿಡಿ, ಮೈಕಿಗೆ ಹೊಡೆಯುವ ‘ಭರ್ರ್’ ಸದ್ದು ಸಾಕಷ್ಟು ತಗ್ಗುತ್ತದೆ.

ಎಡಿಟಿಂಗ್‌ನಲ್ಲಿ ಈ ಏಳು ನಿಮಿಷದ ಸದ್ದು ಕೆಳಗೆ ಹಾಸಿ, ಮೇಲೆ ಚಿತ್ರಗಳನ್ನು ಜೋಡಿಸಿ. ಸಿನಿಮಾ ಹಾಡೂ ಬೇಡ, ಹಕ್ಕಿನ ತಕರಾರೂ ಇಲ್ಲ.

8. ಇಳಿದ ರಾತ್ರಿ, ಮತ್ತು ಎರಡು ವಾರ

ರೈಲಿನಲ್ಲೋ ಬಸ್ಸಿನಲ್ಲೋ ನಿದ್ದೆಗೆ ಜಾರುವ ಮುಂಚೆ, ವಿಡಿಯೊಗಳನ್ನು ನೋಡದೆ, ದಿನದಲ್ಲಿ ನೆನಪಿರುವ ಹತ್ತು ಸಂಗತಿ ಬರೆದುಕೊಳ್ಳಿ. ಮೊದಲು ವಿಡಿಯೊ ನೋಡಿದರೆ ನೆನಪೆಲ್ಲ ಅದರ ಆಕಾರಕ್ಕೆ ತಿರುಗಿಬಿಡುತ್ತದೆ. ಆ ಹತ್ತರಲ್ಲಿ ನಿಮ್ಮ ಬಳಿ ಶಾಟ್ ಇರುವುದು ನಾಲ್ಕೈದಕ್ಕೆ ಮಾತ್ರ. ಉಳಿದದ್ದನ್ನು ಎಡಿಟಿಂಗ್ ಹೊತ್ತಿನಲ್ಲಿ ನಿಮ್ಮದೇ ದನಿಯಲ್ಲಿ ಹೇಳಿ.

ಮನೆಗೆ ಬಂದ ದಿನವೇ ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ. ಎಡಿಟಿಂಗ್ ಎರಡು ವಾರದೊಳಗೆ ಮುಗಿಯಬೇಕು, ಆಮೇಲೆ ಆ ಫೋಲ್ಡರ್ ತೆರೆಯುವವರನ್ನು ನಾನು ಕಂಡಿಲ್ಲ. 72 ಶಾಟ್ ನೋಡಲು ಬೇಕಾದ್ದು ಹನ್ನೆರಡು ನಿಮಿಷ. ಭಾನುವಾರ ಬೆಳಿಗ್ಗೆ ಕೂತರೆ ಊಟಕ್ಕೆ ಮುಂಚೆ ಒಂದು ರೂಪ ಬರುತ್ತದೆ. ಮೂರು ನಿಮಿಷ ದಾಟಿದರೆ ಕತ್ತರಿಸಿ. ಕತ್ತರಿಸಲು ಮನಸ್ಸು ಬರದ ಶಾಟ್ ಯಾವುದು ನೋಡಿ. ತೆಗೆಯಲು ತುಂಬಾ ಕಷ್ಟಪಟ್ಟದ್ದೇ ಆಗಿರುತ್ತದೆ. ನೋಡುವವರಿಗೆ ಆ ಕಷ್ಟ ಗೊತ್ತಿಲ್ಲ, ತೆಗೆದುಹಾಕಿ.

ನನ್ನ ಮೂರು ನಿಮಿಷವನ್ನು ಅಮ್ಮ ಟಿವಿ ಮುಂದೆ ಕೂತು ನೋಡಿದರು. ಸೌಟಿನ ಸದ್ದಿಗೆ ನಕ್ಕರು. ಇಂಬಳ ಬಂದಾಗ ‘ಥೂ’ ಅಂದರು. ಹುಲ್ಲುಗುಡ್ಡದಿಂದ ಕೆಳಗಿನ ಕಣಿವೆ ತೋರಿಸುವ ಶಾಟ್ ಬಂದಾಗ ‘ಅಲ್ಲೇ ನಿಲ್ಲಿಸು’ ಎಂದು ಎದ್ದು ಟಿವಿ ಹತ್ತಿರ ಹೋದರು. ‘ಇದರಲ್ಲಿ ದೇವಸ್ಥಾನ ಎಲ್ಲೋ?’ ನಾನೂ ಎದ್ದು ಹೋಗಿ ಹಸಿರಿನ ಮೇಲೆ ಬೆರಳಾಡಿಸಿ ಹುಡುಕಿದೆ. ಸಿಗಲಿಲ್ಲ. ಅಷ್ಟು ಅಗಲಕ್ಕೆ ತೆಗೆದಿದ್ದೆ, ಊರೇ ಕರಗಿಹೋಗಿತ್ತು. ಮುಂದಿನ ಸಲದ ಚೀಟಿಯಲ್ಲಿ ಐದನೇ ನಿಲ್ದಾಣದ ಎದುರು ಈಗಾಗಲೇ ಬರೆದಿಟ್ಟಿದ್ದೇನೆ: ‘ದೇವಸ್ಥಾನ ಹುಡುಕು, ಝೂಮ್.’